ದೊಡ್ಡ ಬ್ರೇಕು, ಶೇಂಗಾ ಎಣ್ಣೆ

ನಮ್ಮ ಪಿಕಪ್ ಗಾಡಿಗೆ ನಿಲ್ಲಲು ಬರುವುದಿಲ್ಲ ಎಂಬುದನ್ನು ನಮಗೆ ತೋರಿಸಿಕೊಟ್ಟವು ಕುರಿಗಳು. ಕುರುಗೋಡಿನ ಗುಡ್ಡದ ಮಗ್ಗುಲಿನ ಇಳಿಜಾರಿನಲ್ಲಿ ಒಂದು ಹಿಂಡು ರಸ್ತೆ ದಾಟುತ್ತಿತ್ತು. ಗಾಡಿಯ ಹಿಂದೆ ಹದಿನೆಂಟು ಹೆಂಗಸರು ನಿಂತಿದ್ದರು. ಮೆಣಸಿನಕಾಯಿ ಬಿಡಿಸಲು ಹೊರಟಿದ್ದೆವು. ನಾನು ಮುಂದೆ, ಅಳಿಯನ ಪಕ್ಕದಲ್ಲಿ. ಅವನು ಬ್ರೇಕ್ ತುಳಿದ. ಕಾಲು ಕೆಳಗೆ ಹೋಯಿತು, ಗಾಡಿ ಮುಂದೆ ಹೋಯಿತು. ಮತ್ತೆ ತುಳಿದ. ಸೀಟು ಬಿಟ್ಟು ಎದ್ದು ತುಳಿದ. ಕುರಿಗಳು ತಾವೇ ಎರಡು ಕಡೆ ಒಡೆದುಕೊಂಡವು. ನಾವು ನಡುವೆ ಹಾದು ಆಚೆ ಎಲ್ಲೋ ಹೋಗಿ ನಿಂತೆವು. ಕುರಿ ಕಾಯುವವನು ಬೈಯಲೂ ಇಲ್ಲ, ಬಾಯಿ ತೆರೆದುಕೊಂಡು ನೋಡುತ್ತ ನಿಂತ.

ಹಿಂದಿದ್ದವರು ಕ್ಯಾಬಿನ್ನಿನ ಮೇಲೆ ಧಬಧಬ ಬಡಿದರು. ಇಳಿದು ಹಿಂದೆ ಹೋದೆ. ನಮ್ಮ ಗುಂಪಿನಲ್ಲಿ ಹಾಡು ಹೇಳುವವಳು ಒಬ್ಬಳಿದ್ದಾಳೆ. ಸಾಲು ಹಿಡಿದು ಕಾಯಿ ಬಿಡಿಸುವಾಗ ಅವಳು ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಾರೆ. ಅವಳೇ ಮೊದಲು ಬಾಯಿ ತೆಗೆದಳು.

“ಅಜ್ಜಿ, ನೀ ಮುಂದ ಸೀಟಿನ್ಯಾಗ ಕುಂತು ಹೊಕ್ಕಿ. ನಾವು ಹಿಂದ ಸಂತಿಗೆ ಹೊಂಟ ಆಡಿನಂಗ ನಿಂತಿರ್ತೀವಿ. ನಿನಗೇನ್ ಗೊತ್ತಾಕೈತಿ?”

“ಏನಾತೀಗ? ನಿಂತೈತಲ್ಲ ಗಾಡಿ.”

“ತಾನ ನಿಂತೈತಿ. ನೀವೇನ್ ನಿಲ್ಲಿಸಿಲ್ಲ.”

ಬ್ರೇಕ್ ಸರಿಯಾಗುವವರೆಗೆ ಈ ಗಾಡಿ ಹತ್ತುವುದಿಲ್ಲ ಎಂದು ಎಲ್ಲರೂ ಅಲ್ಲೇ ಹೇಳಿದರು. ಆ ದಿನ ಮಾತ್ರ ಹತ್ತಿದರು, ಬೇರೆ ದಾರಿ ಇರಲಿಲ್ಲ. ಹೊಲದವರೆಗೆ ಯಾರೂ ಹಾಡಲಿಲ್ಲ.

ಗಾಡಿ ನನ್ನ ಹೆಸರಿನಲ್ಲಿದೆ. ಕುರುಗೋಡಿನಿಂದ ಸಿರುಗುಪ್ಪದ ಕಡೆಯ ಹೊಲಗಳಿಗೆ ಹೆಂಗಸರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಹೊಲದವರು ನನಗೆ ಹೇಳುತ್ತಾರೆ, ನಾನು ಹೆಂಗಸರಿಗೆ ಹೇಳುತ್ತೇನೆ. ಸರಕಿನ ಗಾಡಿಯಲ್ಲಿ ಮನುಷ್ಯರನ್ನು ಹಾಕಬಾರದು ಎಂದು ಪೊಲೀಸರು ಹೇಳುತ್ತಾರೆ. ಸರಿಯಾದ ಮಾತೇ. ಆದರೆ ಕಾಲುವೆಯ ಆಚೆಯ ಹೊಲಕ್ಕೆ ಯಾವ ಬಸ್ಸೂ ಬರುವುದಿಲ್ಲ. ನಾನೂ ವಯಸ್ಸಿನಲ್ಲಿ ಹಾಗೇ ಹೋದವಳು, ಟ್ರ್ಯಾಕ್ಟರಿನಲ್ಲಿ, ಲಾರಿಯಲ್ಲಿ, ಹಗ್ಗ ಹಿಡಿದು ನಿಂತು. ಮುಂದಿನ ಸೀಟು ಸಿಕ್ಕ ಮೇಲೆ ಹಿಂದೆ ನಿಲ್ಲುವುದು ಹೇಗಿರುತ್ತದೆ ಎಂಬುದನ್ನು ಮರೆತಿದ್ದೆ. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಆಗ ಒಪ್ಪಿರಲಿಲ್ಲ.

ಅಳಿಯನ ವಿಷಯ ಹೇಳಬೇಕು. ಮಗಳ ಗಂಡ, ಆದರೆ ನನ್ನ ತಮ್ಮನ ಮಗನೇ. ಅವನು ಚಡ್ಡಿ ಇಲ್ಲದೆ ಓಡಾಡಿದ್ದನ್ನು ನೋಡಿದವಳು ನಾನು, ಅಳಿಯನೆಂದು ಹೊಸದಾಗಿ ಮರ್ಯಾದೆ ಎಲ್ಲಿಂದ ತರಲಿ. ‘ಲೇ’ ಎಂದೇ ಕರೆಯುತ್ತೇನೆ. ಮಾತು ಕಡಿಮೆ, ಕುಡಿಯುವುದಿಲ್ಲ. ಗಾಡಿ ಹೊಡೆಯುವುದು ಬಿಟ್ಟು ಬೇರೆ ಏನೂ ಬರುವುದಿಲ್ಲ, ಬೇಕೆಂದೂ ಇಲ್ಲ. ಕುರಿಗಳ ಆ ಘಟನೆಯಾದ ಮೇಲೆ ಎರಡು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ನಾನೇ ಎಬ್ಬಿಸಿ ಬಳ್ಳಾರಿಗೆ ಹೊರಡಿಸಿದೆ.

ಬಳ್ಳಾರಿಯ ಆ ಗ್ಯಾರೇಜು ನಮಗೆ ಹಳೆಯದು. ಮೇಸ್ತ್ರಿ ಗಾಡಿಯ ಕೆಳಗೆ ನುಗ್ಗಿ ನೋಡಿ, ಎದ್ದು ಕೈ ಒರೆಸಿಕೊಂಡ.

“ಅವ್ವಾರೆ, ಹಿಂದ ಕಮಾನು ಪಟ್ಟಿ ಜಾಸ್ತಿ ಹಾಕಿಸೀರಿ. ಸುತ್ತ ಕಟಾಂಜನ ಎತ್ರ ಮಾಡಿಸೀರಿ. ಹೊರಾಕ ಎಲ್ಲಾ ಮಾಡಿಸೀರಿ. ನಿಲ್ಲಿಸಾಕ ಮಾತ್ರ ಕಂಪನಿ ಕೊಟ್ಟಷ್ಟ ಐತಿ.”

“ಅಂದ್ರ?”

“ಹತ್ತು ಮಂದಿ ಹಿಡಿಯಾ ಹಗ್ಗ ಇಬ್ರ ಕೈಯಾಗ ಕೊಟ್ಟಂಗಾತು.”

ಅವನು ಚಕ್ರ ಬಿಚ್ಚಿ ತೋರಿಸಿದ. ಒಳಗೆ ಒಂದು ಕಬ್ಬಿಣದ ದುಂಡನೆಯ ಪ್ಲೇಟು, ಚಕ್ರದ ಜೊತೆ ತಿರುಗುವುದು. ಅದನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವುದು ಕ್ಯಾಲಿಪರ್. ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ಇಕ್ಕಳ ಹಿಡಿದ ಹಾಗೆ. ಇಕ್ಕಳದ ಬಾಯಿಗೆ ಸವೆಯುವ ಎರಡು ತುಂಡು ಇಟ್ಟಿರುತ್ತಾರೆ, ಅದಕ್ಕೆ ಪ್ಯಾಡು ಎನ್ನುತ್ತಾರೆ. ನಮ್ಮದರದು ಸಣ್ಣ ಇಕ್ಕಳ. ದೊಡ್ಡ ಗಾಡಿಯ ದೊಡ್ಡ ಇಕ್ಕಳ, ಅದಕ್ಕೆ ತಕ್ಕ ದೊಡ್ಡ ಪ್ಲೇಟು, ಮುಂದಿನ ಎರಡು ಚಕ್ರಕ್ಕೂ ಹಾಕಬೇಕು ಎಂದ. ಪೆಡಲ್ ಹತ್ತಿರ ಎಣ್ಣೆ ಒತ್ತುವ ಸಿಲಿಂಡರನ್ನೂ ಬದಲಿಸಬೇಕು, ಇಲ್ಲವಾದರೆ ಕೈ ದೊಡ್ಡದಾಗಿ ಬಲ ಅಷ್ಟೇ ಉಳಿಯುತ್ತದೆ ಎಂದ.

“ಹಾಕು,” ಎಂದೆ.

“ಕುಂದ್ರ್ರಿ, ಸಂಜಿ ಆಕೈತಿ.”

ಸಂಜೆಯವರೆಗೆ ಕೂರುವುದೆಂದರೆ ನನಗೆ ಆಗುವುದಿಲ್ಲ. ಸ್ಟೂಲ್ ಕೊಟ್ಟರು. ಐದು ನಿಮಿಷ ಕೂತೆ, ಎದ್ದೆ. ರಸ್ತೆಗೆ ಹೋಗಿ ನಿಂತೆ, ಬಂದೆ. ಬಂಡೆಗುಡ್ಡದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಹೊಲದಲ್ಲಿ ಕಾಯಿ ಗಿಡದಲ್ಲೇ ಒಣಗುತ್ತಿದೆ, ಹೊಲದವನು ಬೇರೆ ಗುಂಪನ್ನು ಕರೆದುಬಿಟ್ಟರೆ ಈ ಹದಿನೆಂಟು ಮಂದಿ ಮನೆಯಲ್ಲಿ ಕೂರಬೇಕು ಎಂಬುದೇ ತಲೆಯಲ್ಲಿ. ಮಧ್ಯಾಹ್ನ ಚಕ್ರ ಹಾಕಿ ಕೈಯಲ್ಲಿ ತಿರುಗಿಸಿದರೆ ಕರ್ ಎಂದು ಸದ್ದು ಬಂತು. ದೊಡ್ಡ ಕ್ಯಾಲಿಪರ್ ಚಕ್ರದ ಒಳಮೈಗೆ ಉಜ್ಜುತ್ತಿತ್ತು. ಒಂದು ಅಳತೆ ದೊಡ್ಡ ಚಕ್ರ ಬೇಕು ಎಂದು ಮೇಸ್ತ್ರಿ ಅಳಿಯನನ್ನು ಆಟೋದಲ್ಲಿ ಕಳಿಸಿದ. ಅವನು ತಂದ ಜೋಡಿ ಹೊಂದಿತು. ನಮ್ಮ ಹಳೆಯ ಚಕ್ರಗಳನ್ನು ಅದೇ ಅಂಗಡಿಗೆ ಬದಲಿಗೆ ಕೊಟ್ಟು ಬರಲು ಮತ್ತೆ ಹೋದ.

ಆಗ ಮೇಸ್ತ್ರಿ ನನ್ನನ್ನು ಕರೆದ. “ಅವ್ವಾರೆ, ಹಂಗ ಅಡ್ಡಾಡಾ ಬದ್ಲು ಮ್ಯಾಲ ಹತ್ತಿ ಡ್ರೈವರ್ ಸೀಟಿನ್ಯಾಗ ಕುಂದ್ರ್ರಿ. ತುಳೀರಿ ಅಂದಾಗ ತುಳೀಬೇಕು. ಹಿಡೀರಿ ಅಂದಾಗ ಹಿಡೀಬೇಕು.”

“ಎಷ್ಟೊತ್ತು?”

“ನಾ ಬಿಡ್ರಿ ಅನ್ನಾತನಕ. ನಡುವ ಬಿಟ್ರ ಗಾಳಿ ಒಳಗ ಹೊಕ್ಕೈತಿ. ಗಾಳಿ ಇದ್ರ ಬ್ರೇಕ್ ಹಿಡಿಯಂಗಿಲ್ಲ.”

ಚಪ್ಪಲಿ ಬಿಟ್ಟು ಹತ್ತಿದೆ. ಜೀವಮಾನದಲ್ಲಿ ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಅವನು ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಸಣ್ಣ ಪೈಪಿನ ತುದಿಯನ್ನು ಬಾಟಲಿಯಲ್ಲಿ ಇಟ್ಟಿದ್ದ. ತುಳಿದೆ, ತುಳಿದೆ, ಹಿಡಿದೆ. ಮೊದಲು ಪೆಡಲ್ ಕೆಸರಿನಲ್ಲಿ ಕಾಲಿಟ್ಟಂತೆ ಇತ್ತು. ಬಾಟಲಿಯಲ್ಲಿ ಗುಳ್ಳೆ ಏಳುತ್ತಿದ್ದವು. ಹತ್ತು ಹನ್ನೆರಡು ಸಲ ಆದ ಮೇಲೆ ಗುಳ್ಳೆ ನಿಂತವು, ಪಾದದ ಕೆಳಗೆ ಪೆಡಲ್ ಗಟ್ಟಿಯಾಯಿತು. ಬಂಡೆ ಮೆಟ್ಟಿದ ಹಾಗೆ. ಅಷ್ಟು ಹೊತ್ತು ನನ್ನ ಮೈ ಸುಮ್ಮನಿತ್ತು.

ಗಾಡಿ ಕೊಡುವಾಗ ಮೇಸ್ತ್ರಿ ಅಳಿಯನಿಗೆ ಹೇಳಿದ, ಮೊದಲ ನೂರು ಕಿಲೋಮೀಟರ್ ಮೆಲ್ಲಗೆ ಹೊಡೆಯಿರಿ, ಹೊಸ ಪ್ಯಾಡು ಪ್ಲೇಟಿಗೆ ಹೊಂದಿಕೊಳ್ಳಬೇಕು. ಇನ್ನೂ ಏನೇನೋ ಹೇಳಿದ. ಪ್ಲೇಟು ಮುಟ್ಟಬೇಡಿ ಎಂದೂ ಹೇಳಿರಬಹುದು. ನಾನು ಕೇಳಿಸಿಕೊಳ್ಳಲಿಲ್ಲ, ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದೆ.

ಮನೆಗೆ ಬಂದ ಮಾರನೆಯ ದಿನ ಸಂಜೆ ಅಳಿಯ ಗಾಡಿಯನ್ನು ನೀರು ಹಾಕಿ ತೊಳೆದ. ಅದರ ಮರುದಿನ ಬೆಳಿಗ್ಗೆ ಪೂಜೆ ಮಾಡಿ ಹೊರಡುವುದೆಂದು ಮಾತಾಗಿತ್ತು. ಹೆಂಗಸರಿಗೂ ಹೇಳಿ ಕಳಿಸಿದ್ದೆ. ಐದು ಗಂಟೆಗೆ ಎದ್ದು ಅಂಗಳಕ್ಕೆ ಬಂದೆ. ಅವನು ಒಳಗೆ ಸ್ನಾನ ಮಾಡುತ್ತಿದ್ದ. ಮುಂದಿನ ಚಕ್ರ ತಿರುಗಿಸಿ ನಿಲ್ಲಿಸಿದ್ದರಿಂದ ಎಡಗಡೆಯ ಪ್ಲೇಟು ಕಾಣುತ್ತಿತ್ತು. ನೋಡಿದರೆ ಕೆಂಪಗೆ ತುಕ್ಕು. ಮೊನ್ನೆ ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಪ್ಲೇಟು. ಹಳೆಯ ಮಾಲಿಗೆ ಪಾಲಿಶ್ ಹೊಡೆದು ಹಾಕಿದ್ದಾನೆ ಎಂದು ಮೇಸ್ತ್ರಿಯನ್ನು ಮನಸ್ಸಿನಲ್ಲೇ ಬೈದೆ.

ನಮ್ಮ ಮನೆಯಲ್ಲಿ ಕಬ್ಬಿಣಕ್ಕೆ ಒಂದು ಪದ್ಧತಿ ಇದೆ. ಕುಡುಗೋಲು, ಸಲಿಕೆ, ಕೊಡಲಿ ಯಾವುದೇ ಇರಲಿ, ತೊಳೆದ ಮೇಲೆ ಒರೆಸಿ ಎಣ್ಣೆ ಸವರಿಯೇ ಇಡಬೇಕು. ಹೊಸ ಕಬ್ಬಿಣ ಮನೆಗೆ ಬಂದರೆ ಮೊದಲು ಎಣ್ಣೆ, ಆಮೇಲೆ ವಿಭೂತಿ. ನನ್ನ ಅತ್ತೆ ನನಗೆ ಕಲಿಸಿದ್ದು, ನಾನು ಮಗಳಿಗೆ ಕಲಿಸಿದ್ದು. ತುಕ್ಕು ಹಿಡಿದ ಕುಡುಗೋಲು ಕಂಡರೆ ಆ ಮನೆಯ ಹೆಂಗಸನ್ನೇ ಆಡಿಕೊಳ್ಳುತ್ತಾರೆ. ಅಡುಗೆ ಮನೆಯಿಂದ ಶೇಂಗಾ ಎಣ್ಣೆಯ ಗಿಂಡಿ ತಂದೆ. ಹಳೆಯ ಸೀರೆಯ ತುಂಡನ್ನು ಅದ್ದಿ, ಚಕ್ರದ ಹಿಂದೆ ಕೈ ತೂರಿಸಿ ಪ್ಲೇಟನ್ನು ಒಂದು ಮಗ್ಗುಲು ಒರೆಸಿದೆ, ಮುಂದಿನ ಕಿಂಡಿಗಳಿಂದ ಇನ್ನೊಂದು ಮಗ್ಗುಲು ಒರೆಸಿದೆ. ಎರಡು ಕೈ ಹಚ್ಚಿದೆ, ನೆತ್ತಿಗೆ ಹಚ್ಚಿದ ಹಾಗೆ. ತುಕ್ಕು ಹೋಗಿ ಮಿರಮಿರ ಮಿಂಚಿತು. ಬಲಗಡೆಯ ಚಕ್ರ ಗೋಡೆಗೆ ಒತ್ತಿತ್ತು, ಕೈ ಹೋಗಲಿಲ್ಲ. ಬಂದ ಮೇಲೆ ಹಚ್ಚಿದರಾಯಿತು ಎಂದು ಬಿಟ್ಟೆ. ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ ಎಳೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ. ಅಳಿಯ ಬಂದು ಕೈ ಮುಗಿದು ಗಾಡಿ ತೆಗೆದ.

ನೀರಿನ ಟ್ಯಾಂಕಿನ ಹತ್ತಿರ ಹೆಂಗಸರು ಬುತ್ತಿ ಹಿಡಿದು ನಿಂತಿದ್ದರು. ಹಾಡು ಹೇಳುವವಳು ಮೊದಲು ಬಗ್ಗಿ ಚಕ್ರದ ಒಳಗೆ ನೋಡಿದಳು.

“ಇದೇನಜ್ಜಿ, ದೊಡ್ಡದು ಅಂದ್ರ ಇಷ್ಟನಾ?”

“ಇಷ್ಟ ಸಾಕು. ನಾನ ತುಳಿದು ನೋಡೀನಿ. ಉರುಳಾ ಬಂಡೀನೂ ನಿಲ್ಲಸ್ತೈತಿ.”

“ನೀ ಹೇಳೀದಿ ಅಂತ ಹತ್ತಾಕತ್ತೀವಿ ಮತ್ತ,” ಎಂದು ಹತ್ತಿದಳು. ಅವಳ ಹಿಂದೆ ಉಳಿದವರು.

ಊರು ದಾಟುವಾಗ ಅಳಿಯ ಎರಡು ಸಲ ಮೆಲ್ಲಗೆ ಬ್ರೇಕ್ ಮುಟ್ಟಿ ನೋಡಿದ. ಹುಬ್ಬು ಗಂಟಿಕ್ಕಿದ.

“ಅತ್ತಿ, ಬಲಕ್ಕ ಎಳಿಯಾಕತ್ತೈತಿ.”

“ಹೊಸಾದು. ಹೊಂದಬೇಕು ಅಂದಿಲ್ಲ ಮೇಸ್ತ್ರಿ?”

“ಮೊನ್ನಿ ಬರಾಗ ಎಳೀತಿದ್ದಿಲ್ಲ. ತಿರುಗಿ ಹೋಗಿ ನೋಡ್ಕೊಂಡು ಬರೋಣೇನು?”

“ಕಾಯಿ ಒಣಗಾಕತ್ತೈತಿ. ನಡಿ ಸುಮ್ನ.”

ಅವನು ನಡೆದ. ಈ ಮಾತುಗಳನ್ನು ನಾನು ಕೂಡಿಸಿ ಕಳೆದು ಹೇಳುತ್ತಿಲ್ಲ. ಅವನು ಕೇಳಿದ್ದು ಹೀಗೇ, ನಾನು ಹೇಳಿದ್ದು ಹೀಗೇ.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ನಗು ಕೇಳಿಸಿತು. ಕ್ಯಾಬಿನ್ನಿನ ಹಿಂದಿನ ಕಿಂಡಿಯಿಂದ ಒಬ್ಬಳು ಕೂಗಿದಳು, “ಅಜ್ಜಿ, ಯಾರೋ ಮಿರ್ಚಿ ಕರಿಯಾಕತ್ತಾರ ನೋಡು, ನಿಲ್ಲಿಸು, ನಾಕು ತಿಂದು ಹೋಗಾಮು.” ನನಗೂ ಮೂಗಿಗೆ ಬಂದಿತ್ತು, ಕಾದ ಎಣ್ಣೆಯ ವಾಸನೆ. ರಸ್ತೆ ಬದಿಯಲ್ಲಿ ಅಂಗಡಿ ಇರಲಿಲ್ಲ. ಬರಿ ಭತ್ತದ ಗದ್ದೆ. “ನಿಮಗ ಬರೀ ತಿನ್ನಾದ ಚಿಂತಿ,” ಎಂದೆ. ಅವರು ಇನ್ನಷ್ಟು ನಕ್ಕರು.

ಸಿರುಗುಪ್ಪದ ಕಡೆ ಕಾಲುವೆಯ ಸೇತುವೆಗೆ ಮುಂಚೆ ಏರಿಯ ಮೇಲಿಂದ ಎಮ್ಮೆಗಳು ರಸ್ತೆಗೆ ಇಳಿದವು. ವೇಗ ಏನೂ ಇರಲಿಲ್ಲ. ಅಳಿಯ ಬ್ರೇಕ್ ಹಾಕಿದ. ಗಾಡಿ ನೇರ ನಿಲ್ಲುವ ಬದಲು ಯಾರೋ ಮೂಗುದಾರ ಹಿಡಿದು ಜಗ್ಗಿದ ಹಾಗೆ ಬಲಕ್ಕೆ ತಿರುಗಿತು. ಬಲಕ್ಕೆ ಕಾಲುವೆ. ಅವನು ಸ್ಟೇರಿಂಗಿನ ಮೇಲೆ ಪೂರ್ತಿ ಮೈ ಹಾಕಿ ಎಡಕ್ಕೆ ಎಳೆದ. ಮುಂದಿನ ಚಕ್ರ ಏರಿಯ ಮಣ್ಣು ಹತ್ತಿ ನಿಂತಿತು. ನನ್ನ ಕಿಟಕಿಯಿಂದ ಎಮ್ಮೆ ಕಾಣುತ್ತಿತ್ತು, ಅವನ ಕಿಟಕಿಯಿಂದ ನೀರು.

ಹಿಂದೆ ಒಂದರ ಮೇಲೆ ಒಂದು ಬಿದ್ದಿದ್ದರು. ಒಬ್ಬಳ ಮಣಿಕಟ್ಟು ಉಳುಕಿತ್ತು. ಹಾಡು ಹೇಳುವವಳ ಬಾಯಿ ಕಬ್ಬಿಣದ ಅಡ್ಡಪಟ್ಟಿಗೆ ಬಡಿದು ಮುಂದಿನ ಹಲ್ಲು ಮುರಿದಿತ್ತು. ಅವಳು ರಕ್ತ ಉಗುಳಿ, ಹಲ್ಲಿನ ಚೂರನ್ನು ಅಂಗೈಯಲ್ಲಿಟ್ಟು ನೋಡಿದಳು. ಅಳಲಿಲ್ಲ. ಕೆಳಗಿಳಿದು ನೇರ ಅಳಿಯನ ಹತ್ತಿರ ಹೋಗಿ ನಿಂತಳು.

“ಫೋನ್ ನೋಡಾಕತ್ತಿದ್ದೇನು?”

ಅವನು ತಲೆ ಅಲ್ಲಾಡಿಸಿದ.

“ಕುಡುದೀಯೇನು?”

“ಇಲ್ಲವ್ವಾ.”

“ಮತ್ತ? ಹೊಸಾ ಬ್ರೇಕು, ಖಾಲಿ ರಸ್ತಿ, ಎಮ್ಮಿ ದೂರ ಅದಾವು. ಗಾಡಿ ಕಾಲುವಿಗೆ ಎದಕ್ಕ ಹೊಂಟಿತ್ತು?”

ನಾನು ಅಲ್ಲೇ ಫೋನ್ ಮಾಡಿ ಮೇಸ್ತ್ರಿಯನ್ನು ಬಾಯಿಗೆ ಬಂದಂತೆ ಬೈದೆ. ತುಕ್ಕು ಹಿಡಿದ ಮಾಲು ಹಾಕಿದೀಯ ಎಂದೆ. ಅವನು ಪೂರ್ತಿ ಕೇಳಿಸಿಕೊಂಡು, ಗಾಡಿ ತನ್ನಿ ಎಂದ, ಅಷ್ಟೇ. ಹೊಲದವನು ಟ್ರ್ಯಾಕ್ಟರ್ ಕಳಿಸಿದ. ಉಳುಕಿದವಳನ್ನು, ಹಲ್ಲು ಹೋದವಳನ್ನು ಸಿರುಗುಪ್ಪದ ಆಸ್ಪತ್ರೆಗೆ, ಉಳಿದವರನ್ನು ಹೊಲಕ್ಕೆ ಸಾಗಿಸಿತು. ಗಾಡಿಯನ್ನು ಏರಿಯಿಂದ ಕೆಳಗೆ ಎಳೆದೂ ಕೊಟ್ಟಿತು. ಅಳಿಯ ಕೀಲಿಯನ್ನು ನನ್ನ ಕಡೆ ಚಾಚಿದ.

“ಅತ್ತಿ, ನನ್ನ ಕೈಲೆ ಆಗಂಗಿಲ್ಲ. ಬ್ಯಾರೆಯವರನ್ನ ಕರಸು.”

“ಇಲ್ಲಿ ಯಾರು ಅದಾರ? ಹತ್ತು.”

ಹತ್ತಿದ. ಬಳ್ಳಾರಿಯವರೆಗೆ ಎರಡನೆಯ ಗೇರಿನಲ್ಲೇ ಬಂದ, ಬ್ರೇಕ್ ಮುಟ್ಟದೆ. ಹಿಂದೆ ಬಂದ ಲಾರಿಗಳೆಲ್ಲ ಹಾರ್ನ್ ಹೊಡೆದು ಬೈದು ದಾಟಿದವು.

ಗ್ಯಾರೇಜಿನಲ್ಲಿ ಮೇಸ್ತ್ರಿ ಎಡಗಡೆಯ ಚಕ್ರ ಬಿಚ್ಚಿದ, ಪ್ಯಾಡು ತೆಗೆದ. ಕಪ್ಪಗಾಗಿ ಮಿಂಚುತ್ತಿತ್ತು. ಬೆರಳಿನಿಂದ ತಿಕ್ಕಿದ. ಮೂಗಿನ ಹತ್ತಿರ ಹಿಡಿದ. ಇನ್ನೊಂದು ಸಲ ಹಿಡಿದ.

“ಶೇಂಗಾ ಎಣ್ಣಿ,” ಎಂದ.

ಆಗ ನನಗೆ ಮಿರ್ಚಿಯ ವಾಸನೆ ನೆನಪಾಯಿತು.

“ಪ್ಲೇಟಿಗೆ ಪ್ಯಾಡು ತಿಕ್ಕಿದ್ರ ಬ್ರೇಕು,” ಎಂದ ಮೇಸ್ತ್ರಿ. “ನಡುವ ಎಣ್ಣಿ ಬಂದ್ರ ಜಾರುಬಂಡಿ. ಎಡಕ್ಕ ಜಾರೇತಿ, ಬಲಕ್ಕ ಹಿಡದೈತಿ. ಮತ್ತ ಗಾಡಿ ತಿರುಗದ ಏನ್ ಮಾಡ್ತೈತಿ? ಯಾರ್ ಕೈ ಹಚ್ಚಿದ್ರಿ ಇದಕ್ಕ?”

“ಪ್ಲೇಟು ತುಕ್ಕು ಹಿಡದಿತ್ತು,” ಎಂದೆ. ಅಷ್ಟು ಹೇಳುವ ಧೈರ್ಯ ಇತ್ತು.

“ನೀರು ಬಿದ್ರ ರಾತ್ರಿ ಕಳಿಯಾದ್ರಾಗ ತುಕ್ಕು ಬರ್ತೈತ್ರಿ ಅವ್ವಾರೆ. ಎಲ್ಲಾ ಗಾಡಿಗೂ ಬರ್ತೈತಿ. ಎರಡು ಸಲ ಬ್ರೇಕ್ ಹಾಕಿದ್ರ ಹೊಕ್ಕೈತಿ.”

ನಾನು ಇನ್ನೂ ಬಾಯಿ ತೆರೆಯುವ ಮುಂಚೆ ಅಳಿಯ ಮಾತಾಡಿದ. ತನ್ನ ಎರಡು ಕೈಗಳನ್ನು ನೋಡಿಕೊಳ್ಳುತ್ತಿದ್ದ.

“ಗಾಡಿ ತೊಳದ ಮ್ಯಾಲ ಹಿಂದಿನ ಬಾಗಲಾ ಕಿರುಗುಡ್ತಿತ್ತು. ಮನಿಯಾಗಿನ ಎಣ್ಣಿ ಬಿಟ್ಟಿದ್ದೆ. ಅದ ಕೈಲೆ ಚಕ್ರ ಒರಸೀನೇನೋ. ನಂದ ತಪ್ಪಿರಬೇಕು.”

ಬಾಗಿಲಿಗೆ ಬಿಟ್ಟ ಎರಡು ತೊಟ್ಟು ಎಣ್ಣೆ ಪ್ಲೇಟನ್ನು ಹೀಗೆ ನೆನೆಸುವುದಿಲ್ಲ ಎಂದು ನನಗೆ ಗೊತ್ತು. ಮೇಸ್ತ್ರಿಗೂ ಗೊತ್ತಿರಬೇಕು. ಅವನು ಒಂದು ಸಲ ನನ್ನನ್ನು ನೋಡಿ, ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆಯತೊಡಗಿದ. ಎಣ್ಣೆ ಕುಡಿದ ಪ್ಯಾಡು ಮತ್ತೆ ಬರುವುದಿಲ್ಲ ಎಂದು ಎರಡೂ ಕಡೆ ಹೊಸ ಜೋಡಿ ಹಾಕಿದ. ಬೆಳಿಗ್ಗೆ ಫೋನಿನಲ್ಲಿ ಅವನನ್ನು ಅಷ್ಟು ಬೈದವಳು ಸುಮ್ಮನಿದ್ದೆ. ನನ್ನ ಅರವತ್ತೆಂಟು ವರ್ಷದಲ್ಲಿ ನಾನು ಯಾರಿಗೂ ಹೆದರಿ ಸುಮ್ಮನಿದ್ದದ್ದಿಲ್ಲ. ಆವತ್ತು ಹೆದರಿದ್ದು ಯಾರಿಗೆ ಎಂದು ಈಗಲೂ ಹೇಳಲಾರೆ.

ವಾಪಸ್ ಬರುವಾಗ ಕೊಳಗಲ್ಲು ಬರುವಷ್ಟರಲ್ಲಿ ಮೂರು ಸಲ ಗಾಡಿ ನಿಲ್ಲಿಸಿದೆ. ಒಮ್ಮೆ ನೀರು ಎಂದೆ. ಒಮ್ಮೆ ಎಲೆಅಡಿಕೆ ಎಂದೆ. ಮೂರನೆಯ ಸಲ ಏನೂ ಹೇಳದೆ ಇಳಿದು, ರಸ್ತೆ ಬದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದು ಮತ್ತೆ ಹತ್ತಿದೆ. ಮೂರು ಸಲವೂ ಗಾಡಿ ಗೆರೆ ಎಳೆದ ಹಾಗೆ ನೇರವಾಗಿ ನಿಂತಿತು. ಅವನಿಗೆ ಮಾತ್ರ ನಂಬಿಕೆ ಬರಲಿಲ್ಲ. ಪ್ರತಿ ಸಲವೂ ನಿಂತ ಮೇಲೆ ತನ್ನ ಬಲಗಾಲನ್ನು ನೋಡಿಕೊಳ್ಳುತ್ತಿದ್ದ.

ಸಂಜೆ ಹಾಡು ಹೇಳುವವಳು ಇಬ್ಬರನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ತುಟಿ ಬಾತಿತ್ತು. ಕೂರಲಿಲ್ಲ.

“ಅಜ್ಜಿ, ನಿನ್ನ ಗಾಡಿ ಬ್ಯಾಡ ಅನ್ನಂಗಿಲ್ಲ. ಡ್ರೈವರ್ ಬದಲಿಸು. ನಿನ್ನ ಅಳಿಯ ಹೊಡದ್ರ ನಾವು ಯಾರೂ ಹತ್ತಂಗಿಲ್ಲ.”

ಅಳಿಯ ಒಳಗೆ ಕೇಳಿಸಿಕೊಳ್ಳುತ್ತಿದ್ದ. ಮಗಳು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. “ನಾಳಿ ಬೆಳಗಿನ್ಯಾಗ ಹೇಳ್ತೀನಿ,” ಎಂದು ಕಳಿಸಿದೆ. ಆಮೇಲೆ ಅಡುಗೆ ಮನೆಗೆ ಹೋದೆ, ಅಂಗಳಕ್ಕೆ ಬಂದೆ, ಕಸ ಇಲ್ಲದ ಕಡೆ ಗುಡಿಸಿದೆ. ಮಗಳು ಒಂದೇ ಮಾತು ಕೇಳಿದಳು. “ಎಣ್ಣಿ ಗಿಂಡಿ ಎಲ್ಲಿಟ್ಟಿ ಅವ್ವಾ? ಮೊನ್ನಿ ತುಂಬಿತ್ತು.” ಗಿಂಡಿ ಅಂಗಳದ ಗೋಡೆಯ ಮೇಲೇ ಇತ್ತು, ಅರ್ಧ ಆಗಿ, ಪಕ್ಕದಲ್ಲಿ ಎಣ್ಣೆಯ ಬಟ್ಟೆ. ಅವಳೇ ನೋಡಿದಳು. ತೆಗೆದುಕೊಂಡು ಒಳಗೆ ಹೋದಳು. ಗಂಡನಿಗೆ ಹೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ.

ಬೆಳಿಗ್ಗೆ ಟ್ಯಾಂಕಿನ ಹತ್ತಿರ ಎಲ್ಲರೂ ಇದ್ದರು. ಅಳಿಯ ಗಾಡಿ ತಂದು ನಿಲ್ಲಿಸಿ, ಕೀಲಿ ತೆಗೆದು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ನಿಂತ. ಕೀಲಿ ಬಿಸಿಯಾಗಿತ್ತು, ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದಿದ್ದನೇನೋ.

ನಾನು ಸುತ್ತಿ ಬಳಸಿ ಹೇಳುವವಳಲ್ಲ. “ಎಡಗಡಿ ಚಕ್ರದ ಬ್ರೇಕಿಗೆ ಎಣ್ಣಿ ಹಚ್ಚಿದಾಕಿ ನಾನು,” ಎಂದೆ. “ತುಕ್ಕು ಕಂಡಿತ್ತು, ಕುಡುಗೋಲಿಗೆ ಹಚ್ಚಿದಂಗ ಹಚ್ಚಿದೆ. ಬಲಕ್ಕ ಎಳೀತೈತಿ, ತಿರುಗಿ ಹೋಗಾಮು ಅಂತ ಇವ ಹೇಳಿದ. ನಾನ ಬ್ಯಾಡ ಅಂದೆ. ಇವನ್ದೇನೂ ತಪ್ಪಿಲ್ಲ. ಮೇಸ್ತ್ರಿದೂ ಇಲ್ಲ.”

ಹಾಡು ಹೇಳುವವಳು ಹಲ್ಲಿನ ಸಂದಿಯಲ್ಲಿ ನಾಲಿಗೆ ಆಡಿಸಿದಳು.

“ಮತ್ತ ಆ ಮಿರ್ಚಿ ವಾಸನಿ?”

“ಅದ ಎಣ್ಣಿ.”

“ಹದಿನೆಂಟು ಮಂದಿನ್ನ ಕರಿಯಾಕ ಒಂದ ಗಿಂಡಿ ಸಾಕಾತೇನು?” ಎಂದಳು. ಹಿಂದೆ ಒಬ್ಬಳು ನಕ್ಕಳು, ಇನ್ನೊಬ್ಬಳು ಅವಳ ಬೆನ್ನಿಗೆ ಗುದ್ದಿದಳು. ಹಾಡು ಹೇಳುವವಳು ನಗಲಿಲ್ಲ. “ನಿನ್ನೆ ಸಂಜಿ ಎದಕ್ಕ ಹೇಳಲಿಲ್ಲ? ಆ ಮನಿಷ್ಯಾ ಒಳಗ ಕೇಳ್ಕೋತ ಕುಂತಿದ್ದ. ನನ್ನ ಹಲ್ಲು ಹೋತು, ಹೋಗ್ಲಿ. ಅವನ ಅನ್ನ ಹೊಕ್ಕಿತ್ತು.”

“ಹೇಳಲಿಲ್ಲ,” ಎಂದೆ.

ಅವಳು ಉಳಿದವರ ಕಡೆ ತಿರುಗಿದಳು. ಅವರ ನಡುವೆ ಗುಸುಗುಸು ಆಯಿತು. ನಾನು ದೂರ ನಿಂತು ಕೀಲಿಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದೆ. ಆಮೇಲೆ ಅವಳೇ ಬಂದು ಹೇಳಿದಳು.

“ಅವನ ಹೊಡೀಲಿ. ಆದ್ರ ಮೊದ್ಲು ನೀ ಒಬ್ಬಾಕಿ ಹಿಂದ ನಿಂದ್ರು. ಇಳಿಜಾರಿನ್ಯಾಗ ಮೂರು ಸಲ ಬ್ರೇಕ್ ಹಾಕ್ಲಿ. ನಾವು ಇಲ್ಲಿಂದ ನೋಡ್ತೀವಿ.”

ಅಳಿಯ ತಲೆ ಎತ್ತಿದ. “ಬ್ಯಾಡ್ರಿ, ವಯಸ್ಸಾದಾಕಿ,” ಎಂದ.

“ಗಿಂಡಿ ಎತ್ತಾಕ ವಯಸ್ಸಾಗಿದ್ದಿಲ್ಲ,” ಎಂದಳು.

ಕೀಲಿಯನ್ನು ಅವನ ಕೈಗೆ ಕೊಟ್ಟು ಹಿಂದೆ ಹೋದೆ. ಹಿಂದಿನ ಬಾಗಿಲಿನ ಮೇಲೆ ಕಾಲಿಟ್ಟು ಹತ್ತಲು ಎರಡು ಸಲ ಪ್ರಯತ್ನಿಸಬೇಕಾಯಿತು. ಯಾರೂ ಕೈ ಕೊಡಲಿಲ್ಲ. ಕೊಟ್ಟಿದ್ದರೆ ನಾನೂ ಹಿಡಿಯುತ್ತಿರಲಿಲ್ಲ. ಒಳಗೆ ಮೆಣಸಿನಕಾಯಿಯ ಘಾಟು ಹಲಗೆಗೆಲ್ಲ ಹಿಡಿದಿತ್ತು. ಹಲ್ಲು ಮುರಿದ ಅಡ್ಡಪಟ್ಟಿಯನ್ನೇ ಹಿಡಿದು ನಿಂತೆ. ಹಿಡಿಯಲು ಬೇರೆ ಏನೂ ಇಲ್ಲ ಅಲ್ಲಿ. ಅದೂ ನನಗೆ ಗೊತ್ತಿರಲಿಲ್ಲ.

ಗುಡ್ಡದ ಬದಿಯ ಇಳಿಜಾರು, ಕುರಿಗಳು ಬಂದ ಜಾಗವೇ. ಅಳಿಯ ಮೊದಲ ಸಲ ಮೆಲ್ಲಗೆ ಬ್ರೇಕ್ ಹಾಕಿದ. ಮೊಣಕಾಲು ತುಸು ಮಡಿಸಿದೆ, ಗಾಡಿ ನಿಂತಿತು, ನೇರ. ಎರಡನೆಯ ಸಲ ಇನ್ನಷ್ಟು ವೇಗದಲ್ಲಿ ಬಂದು ಹಾಕಿದ. ಪಟ್ಟಿ ಬಿಗಿಯಾಗಿ ಹಿಡಿದೆ, ನಿಂತಿತು, ನೇರ. ಪಾದದ ಕೆಳಗೆ ಗಾಡಿಯ ಮೈ ಗಟ್ಟಿಯಾಗುವುದು ತಿಳಿಯುತ್ತಿತ್ತು, ಗ್ಯಾರೇಜಿನಲ್ಲಿ ಪೆಡಲ್ ಗಟ್ಟಿಯಾದ ಹಾಗೆ.

ಮೂರನೆಯ ಸಲ ಎದುರು ಏನೂ ಇರಲಿಲ್ಲ. ಕುರಿ ಇಲ್ಲ, ಎಮ್ಮೆ ಇಲ್ಲ, ಮನುಷ್ಯರಿಲ್ಲ. ಅವನು ತುಳಿದ ಬ್ರೇಕಿಗೆ ನನ್ನ ಎದೆ ಹೋಗಿ ಪಟ್ಟಿಗೆ ಬಡಿಯಿತು. ಉಸಿರು ನಿಂತು, ಸ್ವಲ್ಪ ಹೊತ್ತಿಗೆ ಬಂತು. ಟೈರು ಸುಟ್ಟ ವಾಸನೆ. ಗಾಡಿ ಒಂದು ಗೇಣೂ ಆಚೀಚೆ ಹೋಗಿರಲಿಲ್ಲ. ಕ್ಯಾಬಿನ್ನಿನ ಕಿಂಡಿಯಿಂದ ಅವನ ಕುತ್ತಿಗೆ ಮಾತ್ರ ಕಾಣುತ್ತಿತ್ತು. ತಿರುಗಿ ನೋಡಲಿಲ್ಲ. ಅಷ್ಟು ಜೋರಾಗಿ ತುಳಿಯುವ ಅಗತ್ಯ ಇರಲಿಲ್ಲ.

ವಾಪಸ್ ಟ್ಯಾಂಕಿನ ಹತ್ತಿರ ಬಂದಾಗ ಹೆಂಗಸರು ಬುತ್ತಿ ಎತ್ತಿಕೊಂಡರು. ನಾನು ಇಳಿದು ಮುಂದೆ ಹೋಗಲು ಹಿಂದಿನ ಬಾಗಿಲಿಗೆ ಬಂದೆ. ಅಷ್ಟರಲ್ಲಿ ಮಣಿಕಟ್ಟು ಉಳುಕಿದವಳು, ಕೈಗೆ ಬಟ್ಟೆ ಸುತ್ತಿಕೊಂಡವಳು, ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಉಳಿದವರು ಒಬ್ಬೊಬ್ಬರಾಗಿ ಹಿಂದೆ ಹತ್ತಿ ನನ್ನನ್ನು ಒಳಗೆ ಒತ್ತಿದರು. ಹಾಡು ಹೇಳುವವಳು ನನ್ನ ಪಕ್ಕದಲ್ಲಿ ಪಟ್ಟಿ ಹಿಡಿದು, “ಸರಿ ಅತ್ಲಾಗ, ನಿನ್ನ ಮನಿ ಅಂಗಳ ಅಲ್ಲ ಇದು,” ಎಂದಳು. ಸರಿದೆ. ಮೆಣಸಿನಕಾಯಿ ಮುಗಿಯುವವರೆಗೂ ಆ ಸೀಟು ನನಗೆ ಸಿಗಲಿಲ್ಲ. ಎದೆಯ ಮೇಲೆ ಪಟ್ಟಿ ಬಡಿದು ಕಂದಿದ ಗುರುತು ಹದಿನೈದು ದಿನ ಇತ್ತು. ಅಳಿಯ ದಿನಾ ಬೆಳಿಗ್ಗೆ ಹೊರಡುವ ಮುಂಚೆ ಬಗ್ಗಿ ಎರಡೂ ಚಕ್ರದ ಒಳಗೆ ನೋಡುತ್ತಾನೆ, ಆಮೇಲೆ ನನ್ನ ಕೈ ನೋಡುತ್ತಾನೆ.